ಕೂಸಿನ ಹೆಸರು ಓಣಿ ಬಾಯಾಗ ನಿಲ್ಲಬೇಕು

ಮುಸ್ಲಿಂ ಮನಿಯೊಳಗ ಕೂಸು ಹುಟ್ಟಿತಂದ್ರ ಈಗ ಎಲ್ಲಾರೂ ಮೊಬೈಲ್‌ನ್ಯಾಗ ಅರಬ್ಬಿ ಹೆಸರು ಹುಡುಕ್ತಾರ. ಅರ್ಥ ಛಲೋ ಇರಬೇಕು, ಸಣ್ಣದಿರಬೇಕು, ಮತ್ತ ಯಾರ ಮನ್ಯಾಗೂ ಇರಬಾರದು ಅಂತಾರ. ನಾ ಇನ್ನೊಂದು ಮಾತು ಸೇರಸ್ತೀನಿ ನೋಡ್ರಿ: ಬಾಜೂ ಮನಿ ಅಜ್ಜಿ ಬಾಯಿಗೂ ಅದು ಹೊಂದಬೇಕು. ನಮ್ಮ ಸೀಮಿ ಇತಿಹಾಸಾನೂ ಇದನ್ನ ಹೇಳ್ತೈತಿ.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಎಲ್ಲಾ ಒಂದು ಕಾಲಕ್ಕ ಬಿಜಾಪುರದ ಆದಿಲಶಾಹಿ ಆಳ್ವಿಕಿಯೊಳಗ ಇದ್ದದ್ದು. ಆ ರಾಜ್ಯ 1490ರಿಂದ 1686ರ ತನಕ ನಡೀತು. ಆದಿಲ ಅಂದ್ರ ನ್ಯಾಯವಂತ. ಆಗ ಬೆಳಗಾವಿ ಕಿಲ್ಲೆ ಆಳಿದಾಂವ ಅಸದ ಖಾನ. ಅಸದ ಅಂದ್ರ ಸಿಂಹ. 1819ರಾಗ ಶಿಶುನಾಳದಾಗ ಹುಟ್ಟಿದ ಕೂಸಿಗೆ ಮಹಮ್ಮದ ಶರೀಫ ಅಂತ ಇಟ್ಟರು. ಶರೀಫ ಅಂದ್ರ ದೊಡ್ಡ ಗುಣದಾಂವ. ಆದಿಲ, ಅಸದ, ಶರೀಫ, ಎಲ್ಲಾ ಮೂರ ಮೂರ ಅಕ್ಷರ. ಅರಬ್ಬಿ ಶಬ್ದ ಬಹಳಷ್ಟು ಮೂರು ವ್ಯಂಜನದ ಬೇರಿನಿಂದನ ಹುಟ್ಟತಾವ.

ಆದ್ರ ಅರಬ್ಬಿಯ ಕೆಲವು ಗಂಟಲ ದನಿ ಕನ್ನಡದಾಗ ಇಲ್ಲ. ಅಲ್ಲೆ ಬ್ಯಾರೆ ಬ್ಯಾರೆ ಇರೂ ನಾಕ ಅಕ್ಷರ ನಮ್ಮ ಬಾಯಾಗ ಒಂದ 'ಜ' ಆಗತಾವ. ಅದಕ್ಕ ಝೈನಬ ಹೋಗಿ ಜೈನಾಬಿ, ಖದೀಜಾ ಹೋಗಿ ಖತೀಜಾಬಿ. ಇದು ಪ್ರೀತಿಯಿಂದ ಆದ ಬದಲು, ಇರಲಿ ಬಿಡ್ರಿ. ಉದ್ದ ಹೆಸರಿನ ಪಾಡು ಹಂಗಲ್ಲ. ಅಬ್ದುಲ್ ರಜಾಕ ಅಂದ್ರ ಅನ್ನ ಕೊಡೂ ದೇವರ ಸೇವಕ. ಓಣ್ಯಾಗ ಬರೇ ಅಬ್ದುಲ್ ಅಂದ್ರ ಸೇವಕ ಅನ್ನೂದಷ್ಟ ಉಳೀತು, ಯಾರ ಸೇವಕ ಅನ್ನೂದ ಹೋತು! ಮ್ಯಾಲೆ ಶಾಲಿ ದಾಖಲ್ಯಾಗ ಒಂದು, ಆಧಾರ ಕಾರ್ಡಿನ್ಯಾಗ ಒಂದು ಬರದು, ಮುಂದ ಆ ಹುಡುಗ ಕಾಗದಾ ಹಿಡಕೊಂಡು ತಿರಗೂದು ಬ್ಯಾರೆ.

ಬಾಯಿಗೆ ಹೊಂದಿದ ಹೆಸರು ಜಾತಿ ಗಡಿನೂ ದಾಟತೈತಿ. ಫಕೀರ ಅನ್ನೂದು ಅರಬ್ಬಿ ಶಬ್ದ, ಅರ್ಥ ಬಡವ. ಅದಕ್ಕ ಅಪ್ಪ, ಅವ್ವ ಹಚ್ಚಿ ನಮ್ಮ ಉತ್ತರ ಕರ್ನಾಟಕದ ಹಿಂದೂ ಮನ್ಯಾಗ ಎಷ್ಟು ಮಂದಿ ಫಕೀರಪ್ಪ, ಫಕೀರವ್ವ ಅದಾರ! ಮೊಹರಂ ದೇವರಿಗೆ ಹರಕಿ ಹೊತ್ತು ಹುಟ್ಟಿದಾಂವ ಹುಸೇನಪ್ಪ. ಆ ಹೆಸರು ಪರದೇಶದ್ದು ಅಂತ ಯಾರಿಗೂ ಅನಸೂದಿಲ್ಲ.

ಅದಕ್ಕ ಅಕ್ಕಾರ, ವೈನಿಯಾರ, ಏಳನೇ ದಿನ ಹೆಸರಿಡೂ ಮುಂಚೆ ಬಾಗಲಾದಾಗ ನಿಂತು ಆ ಹೆಸರು ನಾಕ ಸಲ ಒದರಿ ನೋಡ್ರಿ. ಗಂಡಿಗೆ ಆದಿಲ, ಅಮೀನ, ಸಲೀಂ. ಹೆಣ್ಣಿಗೆ ಸಲ್ಮಾ, ಸನಾ, ನೂರ. ನೂರ ಅಂದ್ರ ಅರಬ್ಬಿಯೊಳಗ ಬೆಳಕು. ನಮ್ಮ ಅಜ್ಜಿಗೋಳು 'ನೂರು' ಅಂದ್ರೂ ನಡೀತೈತಿ, ನೂರು ವರ್ಷ ಬಾಳಲಿ ಅಂದಂಗ ಆತು.