ಸಂಪಿಗೆಯ ಹತ್ತಿರ ಸುಳಿಯದ ದುಂಬಿ

ಐತಿಹಾಸಿಕ ಸಿನಿಮಾದಲ್ಲೋ ಸೀರಿಯಲ್ಲಿನಲ್ಲೋ ಕಟ್ಟಿಕೊಂಡ ಹೆಂಡತಿಯನ್ನ ತಿರುಗಿಯೂ ನೋಡದ ಗಂಡ ಬಂದ ಅಂದ್ರೆ ನೋಡುವವರಿಗೆಲ್ಲ ಒಂದೇ ಪ್ರಶ್ನೆ, ಯಾಕೆ ಹೀಗೆ? ಮೊದಲೆಲ್ಲ "ಇನ್ನೊಬ್ಬಳು ಇದ್ದಾಳೆ" ಅನ್ನೋ ಉತ್ತರ ಸಾಕಾಗ್ತಿತ್ತು. ಈಗ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಇನ್ನೊಂದು ಉತ್ತರವೂ ಬರತ್ತೆ: "ಅವನಿಗೆ ಹೆಂಗಸರೇ ಬೇಡವೇನೋ, ಗೇ ಇರಬೇಕು ಬಿಡು." 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟ ಮೇಲೆ ಜನ ಈ ಮಾತನ್ನ ಪಿಸುಗುಟ್ಟದೆ ಆಡ್ತಾರೆ, ಒಳ್ಳೆಯದೇ. ಆದರೆ ಐನೂರು ವರ್ಷದ ಹಿಂದಿನ ಗಂಡನ ಬಗ್ಗೆ ಅಷ್ಟು ಸಲೀಸಾಗಿ ಹೇಳಿಬಿಡಬಹುದಾ? ನಾನು ಹೊಸಪೇಟೆಯವನು. ಇದನ್ನ ಇಟ್ಟುಕೊಂಡು ಯೋಚಿಸೋಕೆ ನಮ್ಮೂರಿನ ರಾಜನದೇ ಕಥೆ ಇದೆ.

ಕೃಷ್ಣದೇವರಾಯ ಒರಿಸ್ಸಾದ ಗಜಪತಿ ಪ್ರತಾಪರುದ್ರನ ಮೇಲೆ ವರ್ಷಗಟ್ಟಲೆ ಯುದ್ಧ ಮಾಡಿ ಉದಯಗಿರಿ, ಕೊಂಡವೀಡು, ಕೊಂಡಪಲ್ಲಿ ಎಲ್ಲ ಗೆದ್ದ. ಕೊನೆಗೆ 1518ರ ಆಸುಪಾಸಿನಲ್ಲಿ ಒಪ್ಪಂದ ಆಯ್ತು. ಗಜಪತಿ ಮಗಳನ್ನ ಕೊಟ್ಟ, ರಾಯ ಕೃಷ್ಣಾ ನದಿಯ ಆಚೆಯ ಸೀಮೆಯನ್ನ ಹಿಂದಕ್ಕೆ ಕೊಟ್ಟ. ಆ ಮಗಳ ಹೆಸರನ್ನ ಒಬ್ಬೊಬ್ಬರು ಒಂದೊಂದು ಹೇಳ್ತಾರೆ: ತುಕ್ಕಾ, ಜಗನ್ಮೋಹಿನಿ, ಭದ್ರಾ, ವರದರಾಜಮ್ಮ. ಸಿನಿಮಾದವರಿಗೆ ಅವಳು ಅನ್ನಪೂರ್ಣಾದೇವಿ. 1962ರ ತೆಲುಗಿನ 'ಮಹಾಮಂತ್ರಿ ತಿಮ್ಮರುಸು' ಚಿತ್ರದಲ್ಲಿ ರಾಯನಾಗಿ ಎನ್.ಟಿ. ರಾಮರಾವ್ ಇದ್ದರು. 1970ರಲ್ಲಿ ಕನ್ನಡದಲ್ಲಿ ಪಂತುಲು ಮಾಡಿದ 'ಶ್ರೀ ಕೃಷ್ಣದೇವರಾಯ'ದಲ್ಲಿ ನಮ್ಮ ಅಣ್ಣಾವ್ರು. ಹಂಪಿಗೆ ಬರುವ ಎಷ್ಟೋ ಜನರ ಕಣ್ಣಲ್ಲಿ ರಾಯ ಅಂದ್ರೆ ಈಗಲೂ ಅಣ್ಣಾವ್ರೇ.

ಐತಿಹ್ಯ ಏನು ಹೇಳತ್ತೆ ಅಂದ್ರೆ, ರಾಯ ಆ ಹುಡುಗಿಯನ್ನ ಹತ್ತಿರ ಸೇರಿಸಲೇ ಇಲ್ಲ, ಅವಳು ದೂರದ ಕಂಭಂನಲ್ಲಿ ಒಬ್ಬಳೇ ದಿನ ಕಳೆದಳು. ಅಲ್ಲಿ ಕೂತು ಅವಳು ಬರೆದದ್ದು ಅಂತ ಐದು ಸಂಸ್ಕೃತ ಶ್ಲೋಕಗಳಿವೆ, 'ತುಕ್ಕಾಪಂಚಕ'. ಯಾಕೆ ದೂರ ಇಟ್ಟ ಅನ್ನೋದಕ್ಕೆ ಕಥೆಗಳು ಬೇಕಾದಷ್ಟು. ದಾಸಿಯ ಮಗ ಅಂತ ಹೀಯಾಳಿಸಿದಳಂತೆ, ಕೊಲ್ಲೋಕೆ ಕತ್ತಿ ಇಟ್ಟುಕೊಂಡಿದ್ದಳಂತೆ. ಗಮನಿಸಿ, ಗಂಡ ಬಿಟ್ಟದ್ದಕ್ಕೆ ಕಾರಣ ಹುಡುಕುವಾಗ ಕಥೆ ಕಟ್ಟೋರು ಮೊದಲು ಹೋಗಿದ್ದು ಹೆಂಡತಿಯ ತಪ್ಪಿನ ಕಡೆಗೇ.

ಶ್ಲೋಕ ಹಾಗೆ ಮಾಡೋದಿಲ್ಲ. ಮೊದಲನೇ ಶ್ಲೋಕದ ಹುರುಳು ಇಷ್ಟು: ಕಾಡಲ್ಲಿ ಹೊಸ ಹೂಗೊಂಚಲುಗಳ ನಡುವೆ ಅಲೆಯೋ ದುಂಬಿ ಸಂಪಿಗೆಯನ್ನ ಮಾತ್ರ ಮೂಸಿ ನೋಡಲಿಲ್ಲ. ಕೊರತೆ ಹೂವಿನ ಚೆಲುವಿನಲ್ಲೋ, ಇಲ್ಲಾ ದುಂಬಿಗೇ ರಸಿಕತನ ಇಲ್ಲವೋ ಅಂತ ಕೇಳಿ, ಎರಡಕ್ಕೂ ಹೌದು ಅನ್ನದೆ ದೈವದ ಮೇಲೆ ಹಾಕಿ ಸುಮ್ಮನಾಗತ್ತೆ. ಮೊದಲ ಸಲ ಓದಿದಾಗ ಎರಡನೇ ಪ್ರಶ್ನೆಯ ಹತ್ತಿರ ನಿಂತುಬಿಟ್ಟೆ. ನಾವು ಊಟದ ಟೇಬಲ್ಲಿನಲ್ಲಿ ಕೇಳೋ ಪ್ರಶ್ನೆ ಅಲ್ಲಿ ಆಗಲೇ ಇದೆ! ಇದನ್ನ ಬರೆದದ್ದು ರಾಣಿಯೇನಾ ಅನ್ನೋದು ಬೇರೆ ಮಾತು. ದುಂಬಿ-ಸಂಪಿಗೆ ಸಂಸ್ಕೃತ ಕವಿಗಳು ಸವೆಸಿದ ಉಪಮೆ, ಯಾರು ಬೇಕಾದರೂ ಬರೆದಿರಬಹುದು. ಆದರೆ ಬರೆದವರು ಯಾರೇ ಆಗಲಿ, ಗಂಡನ ಕಡೆಗೂ ಬೆರಳು ತೋರಿಸೋ ಧೈರ್ಯ ಮಾಡಿದ್ದಾರೆ.

ನಮ್ಮ ನೆಂಟರ ಪೈಕಿ ಒಬ್ಬ ಅಕ್ಕ ಇದ್ದಾಳೆ. ಮದುವೆಯಾಗಿ ಮೂರು ವರ್ಷ ಗಂಡ ಹಾಲಿನಲ್ಲೇ ಮಲಗ್ತಿದ್ದ. ಹಿರಿಯರು ಕೂತು ಪಂಚಾಯ್ತಿ ಮಾಡಿದಾಗ ಅವಳ ಅಡುಗೆ, ಅವಳ ಬಣ್ಣ, ಅವಳ ನಾಲಿಗೆ ಎಲ್ಲ ವಿಚಾರಣೆಗೆ ಬಂತು. "ಏನಪ್ಪಾ ನಿನ್ನ ಕಷ್ಟ?" ಅಂತ ಅವನನ್ನ ಒಬ್ಬರೂ ಕೇಳಲಿಲ್ಲ. ಕೇಳಿದ್ದಿದ್ರೆ ಇಬ್ಬರೂ ಬದುಕ್ತಿದ್ದರು ಅನ್ಸತ್ತೆ.

ಇರಲಿ, ರಾಯನ ವಿಷಯಕ್ಕೆ ಬರೋಣ. ಅವನಿಗೆ ಹೆಂಗಸರಲ್ಲಿ ಮನಸ್ಸಿರಲಿಲ್ಲ ಅನ್ನೋಕೆ ಒಂದು ದಾಖಲೆಯೂ ಇಲ್ಲ, ಉಲ್ಟಾ ಹೇಳೋಕೆ ನಮ್ಮ ಊರೇ ಇದೆ. ಹೊಸಪೇಟೆ ಆಗ ನಾಗಲಾಪುರ. 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪೇಸ್ ಬರೀತಾನೆ: ಪಟ್ಟಕ್ಕೆ ಬರುವ ಮೊದಲೇ ರಾಯ ಒಬ್ಬ ವೇಶ್ಯೆಯನ್ನ ಪ್ರೀತಿಸಿದ್ದ, ಮಾತು ಕೊಟ್ಟಂತೆ ಆಮೇಲೆ ಮದುವೆಯಾದ, ಅವಳ ಮೇಲಿನ ಪ್ರೀತಿಗೆ ಈ ಊರು ಕಟ್ಟಿಸಿದ. ನ್ಯೂನಿಜ್ ಅವಳ ಹೆಸರು ಚಿನ್ನಾದೇವಿ ಅಂತಾನೆ.

ಅದೇ ಪೇಸ್ ಇನ್ನೊಂದು ಮಾತು ಹೇಳ್ತಾನೆ, ಅದನ್ನ ಸಿನಿಮಾದವರು ಓದಬೇಕಿತ್ತು. ಹನ್ನೆರಡು ಹೆಂಡತಿಯರಲ್ಲಿ ಮೂವರು ಮುಖ್ಯ, ಅವರಲ್ಲಿ ಒಬ್ಬಳು ಒರಿಸ್ಸಾದ ರಾಜನ ಮಗಳು. ಜಗಳ ಬರಬಾರದು ಅಂತ ಮೂವರಿಗೂ ಎಲ್ಲ ಸಮಸಮ, ಮೂವರೂ ಒಳ್ಳೇ ಗೆಳತಿಯರು. ರಾಜನಿಗೆ ಯಾರನ್ನಾದರೂ ನೋಡಬೇಕು ಅನಿಸಿದರೆ ನಪುಂಸಕ ಸೇವಕನೊಬ್ಬನ ಮೂಲಕ ಹೇಳಿಕಳಿಸ್ತಾನೆ, ಅವನೂ ಒಳಗೆ ಹೋಗೋದಿಲ್ಲ, ಕಾವಲಿನ ಹೆಂಗಸರಿಗೆ ಹೇಳ್ತಾನೆ. ಆಮೇಲೆ ರಾಣಿ ಹೋಗ್ತಾಳೋ ರಾಜ ಬರ್ತಾನೋ, ಉಳಿದವರಿಗೆ ಗೊತ್ತೇ ಆಗಲ್ಲ. ಅಂದ್ರೆ ಅರಮನೆಯ ಏರ್ಪಾಡೇ ಯಾರಿಗೂ ಗೊತ್ತಾಗಬಾರದು ಅಂತ ಮಾಡಿದ್ದು. ಪಕ್ಕದ ಮನೆಯ ರಾಣಿಗೇ ತಿಳಿಯದ್ದು ಐತಿಹ್ಯಕ್ಕೆ ತಿಳಿದದ್ದು ಹೇಗೆ?

ತಿರುಮಲೆಯಲ್ಲಿ ರಾಯನ ಪ್ರತಿಮೆಯ ಜೊತೆ ತಿರುಮಲಾದೇವಿ, ಚಿನ್ನಾದೇವಿ ಇಬ್ಬರೇ ಇದ್ದಾರೆ, ಮೂರನೆಯವಳು ಇಲ್ಲ, ಇದೇ ಅಸಡ್ಡೆಗೆ ಸಾಕ್ಷಿ ಅನ್ನೋರಿದ್ದಾರೆ. ನಾನು ಕೋಡ್ ಬರೆಯುವವನು, ಮೊದಲು ತಾರೀಕು ನೋಡ್ತೀನಿ. ಆ ಪ್ರತಿಮೆಗಳನ್ನ ಇಟ್ಟದ್ದು 1517ರಲ್ಲಿ ಅಂತಾರೆ. ಮದುವೆ ಆದದ್ದು ಅದರ ನಂತರ. ಇನ್ನೂ ಬರದ ಹೆಂಡತಿಯನ್ನ ಎರಕ ಹೊಯ್ಯೋದು ಹೇಗೆ :)

ಗಂಡಿನ 'ಬೇಡ'ವನ್ನ ಬೇರೆ ರೀತಿ ಓದೋದೂ ನಮ್ಮ ಸೀಮೆಗೆ ಗೊತ್ತು. ಕಂಪ್ಲಿಯ ಕುಮಾರರಾಮನನ್ನ ತಗೊಳ್ಳಿ. ನಂಜುಂಡ ಕವಿಯ ಸಾಂಗತ್ಯದಲ್ಲಿ ರತ್ನಾಜಿ ಅವನಿಗೆ ಅಂತ ನೋಡಿದ ಹೆಣ್ಣು, ಕಟ್ಟಿಕೊಂಡವನು ಮಾತ್ರ ಅಪ್ಪ ಕಂಪಿಲರಾಯ. ಚೆಂಡು ತರೋಕೆ ಬಂದ ರಾಮನ ಕೈ ಅವಳು ಹಿಡಿದಾಗ ಅವನು ತಾಯಿ ಅಂದುಬಿಟ್ಟ. ಅದಕ್ಕೆ 'ಪರನಾರಿ ಸಹೋದರ' ಅನ್ನೋ ಬಿರುದು. 2006ರಲ್ಲಿ ಶಿವರಾಜ್‌ಕುಮಾರ್ ಮಾಡಿದ್ದೂ ಅದೇ ರಾಮನನ್ನ. ಅವನು ಬೇಡ ಅಂದದ್ದು ಮಲತಾಯಿಯನ್ನ. ಅದರಿಂದ ಅವನ ಒಲವು ಎತ್ತ ಅಂತ ಹೇಳೋಕೆ ಆಗಲ್ಲ. ಸಂಡೂರಿನ ಗುಡ್ಡದ ಕುಮಾರಸ್ವಾಮಿ ಬ್ರಹ್ಮಚಾರಿ, ಹಿಂದೆ ಗುಡಿಯೊಳಗೆ ಹೆಂಗಸರನ್ನ ಬಿಡ್ತಿರಲಿಲ್ಲ. ಅದೇ ಸ್ವಾಮಿಗೆ ತಮಿಳುನಾಡಿನಲ್ಲಿ ಇಬ್ಬರು ಹೆಂಡಿರು. ದೇವರ ವಿಷಯದಲ್ಲಿ ಎರಡನ್ನೂ ಒಪ್ಪಿಕೊಂಡು ಆರಾಮಾಗಿದ್ದೀವಿ.

ರಾಯನೇ ಸಂಸ್ಕೃತದಲ್ಲಿ ಬರೆದ 'ಜಾಂಬವತೀ ಕಲ್ಯಾಣ' ಹಂಪಿಯ ವಿರೂಪಾಕ್ಷನ ವಸಂತೋತ್ಸವಕ್ಕೆ ಆಡಿದ ನಾಟಕ. ಯುದ್ಧದಲ್ಲಿ ಸೋತ ಜಾಂಬವಂತ ಕೃಷ್ಣನಿಗೆ ಮಣಿಯ ಜೊತೆ ಮಗಳನ್ನೂ ಕೊಡೋ ಕಥೆ ಅದು. ಗಜಪತಿಯ ಮಗಳು ನೆನಪಾಗದೆ ಇರ್ತಾಳಾ? ಇನ್ನು 'ಆಮುಕ್ತಮಾಲ್ಯದ'ದಲ್ಲಿ ಗೋದೆ ರಂಗನಾಥನಿಗಾಗಿ ಹಂಬಲಿಸೋದನ್ನ ತೆಲುಗಿನಲ್ಲಿ ಬರೆದವನೂ ಇವನೇ. ಕಾಯುವ ಹೆಣ್ಣಿನ ಸಂಕಟ ಅವನಿಗೆ ಅರ್ಥ ಆಗ್ತಿರಲಿಲ್ಲ ಅನ್ನೋ ಹಾಗಿಲ್ಲ.

ನನಗನಿಸೋದು, ಅವಳು ದೂರ ಇದ್ದದ್ದು ನಿಜವೇ ಆದರೆ ಅದು ಹಾಸಿಗೆಗಿಂತ ರಾಜಕೀಯದ ವಿಷಯ. ಸೋತ ಶತ್ರುವಿನ ಮಗಳ ಹೊಟ್ಟೆಯಲ್ಲಿ ಪಟ್ಟದ ವಾರಸುದಾರ ಹುಟ್ಟೋದು ಆಸ್ಥಾನದಲ್ಲಿ ಎಲ್ಲರಿಗೂ ಬೇಕಿರಲಿಲ್ಲ. ಕಂಭಂನಲ್ಲಿ ಗುಂಡ್ಲಕಮ್ಮ ನದಿಗೆ ಎರಡು ಗುಡ್ಡದ ನಡುವೆ ಏರಿ ಹಾಕಿ ಮಾಡಿದ ದೊಡ್ಡ ಕೆರೆ ಇದೆ. ಕಟ್ಟಿಸಿದ್ದು ಗಜಪತಿಯ ಮಗಳು ವರದರಾಜಮ್ಮ ಅಂತ ಹೇಳ್ತಾರೆ. ಅಂಥ ಕೆರೆ ಕಟ್ಟಿಸೋಕೆ ಹಣ, ಆಳು, ಅಧಿಕಾರ ಎಲ್ಲ ಬೇಕು. ಸಿನಿಮಾದವರು ಅವಳನ್ನ ಕಿಟಕಿ ಪಕ್ಕ ಅಳುತ್ತಾ ಕೂರಿಸೋದು ಬಿಟ್ಟು ಒಂದು ಸಲ ಆ ಏರಿಯ ಮೇಲೆ ನಿಲ್ಲಿಸಿ ತೋರಿಸಲಿ, ನಾನಂತೂ ಟಿಕೆಟ್ ತಗೊಂಡು ನೋಡ್ತೀನಿ.