ಸುರುಳಿ ಕಟ್ಟಡದಲ್ಲಿ ಒಂದು ಕಾಫಿ

ಹೋಟೆಲು ನೋಡೋಕೆ ಚೆಂದ ಇದ್ದರೆ ಬಿಲ್ಲೂ ಜೋರೇ ಅಂತ ನಮ್ಮ ಹಳ್ಳಿ ಕಡೆಯ ಲೆಕ್ಕ. ತಿರುವನಂತಪುರದ ತಂಪಾನೂರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ರೈಲು ನಿಲ್ದಾಣ, ಬಸ್ ನಿಲ್ದಾಣದ ಹತ್ತಿರವೇ ಕೆಂಪು ಇಟ್ಟಿಗೆಯ ಗುಂಡನೆಯ ಕಟ್ಟಡವೊಂದಿದೆ. ಅದು ಇಂಡಿಯನ್ ಕಾಫಿ ಹೌಸ್.

ಇದರ ಬೇರು ಇರುವುದು ನಮ್ಮ ಬೆಂಗಳೂರಿನಲ್ಲಿ. ಮೊದಲು ಕಾಫಿ ಹೌಸ್‌ಗಳನ್ನು ನಡೆಸುತ್ತಿದ್ದುದು ಕಾಫಿ ಬೋರ್ಡ್. 1950ರ ದಶಕದಲ್ಲಿ ಬೋರ್ಡ್ ಅವುಗಳನ್ನು ಮುಚ್ಚಲು ಹೊರಟಿತು. ಕೆಲಸಗಾರರು ಬೀದಿಗೆ ಬಿದ್ದರು. ನೀವೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿ ಎಂದು ಅವರ ಬೆನ್ನಿಗೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಮೊದಲ ಸಂಘ ಹುಟ್ಟಿತು. ಮರುವರ್ಷ ಕೇರಳದ ತ್ರಿಶೂರಿನಲ್ಲೂ ಕಾರ್ಮಿಕರದೇ ಕಾಫಿ ಹೌಸ್ ತೆರೆಯಿತು.

ತಂಪಾನೂರಿನ ಕಟ್ಟಡ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ರೂಪಿಸಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ಕಡಿಮೆ ಖರ್ಚಿನ ಮನೆ ಕಟ್ಟಿ ಹೆಸರಾದವರು. ಜಾಗ ಇಕ್ಕಟ್ಟು. ಮಹಡಿ ಮೇಲೆ ಮಹಡಿ ಏರಿಸುವ ಬದಲು ನೆಲವನ್ನೇ ಇಳಿಜಾರಾಗಿ ಸುತ್ತಿಸುತ್ತಾ ಮೇಲಕ್ಕೊಯ್ದರು. ಗೋಡೆಗುಂಟ ಜಗಲಿಯ ಹಾಗೆ ಕಟ್ಟಿಬಿಟ್ಟ ಮೇಜು, ಬೆಂಚು. ಗೋಡೆಯ ಕಿಂಡಿಗಳಿಂದ ಗಾಳಿ, ಬೆಳಕು. ಇಣುಕಿದರೆ ಕೆಳಗೆ ಬೀದಿ.

ಕೂತವರಿಗೆ ಸೊಗಸು, ನಿಜ. ಬೀಸಣಿಗೆಯಂಥ ಪೇಟ ತೊಟ್ಟು, ತಟ್ಟೆ ಹಿಡಿದು ದಿನವಿಡೀ ಆ ಏರು ಹತ್ತಿ ಇಳಿಯುವವರ ಮೊಣಕಾಲನ್ನೂ ಕೇಳಬೇಕು! ಆದರೆ ಹೋಟೆಲು ಕಾರ್ಮಿಕರ ಸಂಘದ್ದೇ. ಮುಚ್ಚಿ ಎನ್ನಲು ಮೇಲೆ ಧಣಿಯಿಲ್ಲ.

ಅಂದಹಾಗೆ, ಅಲ್ಲಿ ಮಸಾಲೆ ದೋಸೆ ಬಿಚ್ಚಿದರೆ ಒಳಗೆ ಬೀಟ್‌ರೂಟ್ ಹಾಕಿದ ಕೆಂಪು ಪಲ್ಯ. ಬೆಚ್ಚಬೇಡಿ, ತಿನ್ನಿ.