ಗಿರಣಿ ಮಕ್ಕಳ ಸಿಟ್ಟಿನ ಹಾಡು

ದೊಡ್ಡಬಳ್ಳಾಪುರದ ಓಣಿಗಳಲ್ಲಿ ನಡೆದವರಿಗೆ ವಿದ್ಯುತ್ ಮಗ್ಗಗಳ ಸದ್ದು ಗೊತ್ತಿರುತ್ತದೆ. ಗೋಡೆಯಾಚೆಯಿಂದ ಬರುವ ಆ ಲಟಪಟ ತಾಳ ಕರೆಂಟ್ ಹೋದಾಗಷ್ಟೇ ನಿಲ್ಲುತ್ತದೆ. ಆ ಊರಿನ ನೇಕಾರ ಕುಟುಂಬದಿಂದ ಬಂದ ಡಿ.ಆರ್. ನಾಗರಾಜ್ (1954-1998) ಕನ್ನಡದ ಬಂಡಾಯ ಚಳವಳಿಗೆ ಅದರ ಘೋಷವಾಕ್ಯವನ್ನು ಕೊಟ್ಟರು. ಕಾವ್ಯವನ್ನು ಖಡ್ಗಕ್ಕೆ ಹೋಲಿಸಿದ ಆ ಮಾತು 1979ರಿಂದೀಚೆಗೆ ಎಷ್ಟು ವೇದಿಕೆಗಳ ಮೇಲೆ ಮೊಳಗಿದೆಯೋ ಲೆಕ್ಕವಿಲ್ಲ. ಅದೇ ವಾಕ್ಯದ ಉತ್ತರಾರ್ಧ ಕಾವ್ಯವನ್ನು ನೊಂದವರ ಗೆಳೆಯನೆಂದೂ ಕರೆದಿತ್ತು. ಖಡ್ಗ ಜನರ ನೆನಪಿನಲ್ಲಿ ಉಳಿಯಿತು, ಗೆಳೆಯ ಅಷ್ಟಾಗಿ ಉಳಿಯಲಿಲ್ಲ.

ಕನ್ನಡದಲ್ಲಿ ಇದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ. ಖಡ್ಗವೆಂದದ್ದು ರೂಪಕವೆಂದು ಎಲ್ಲರಿಗೂ ಗೊತ್ತಿತ್ತು. ಇಂಥದೇ ಮಾತನ್ನು ಇಂಗ್ಲೆಂಡಿನ ಒಂದು ಜವಳಿ ಊರಿನ ಮುಸ್ಲಿಂ ಯುವಕನೊಬ್ಬ ಹಾಡಿದಾಗ ಏನಾಯಿತು ಎಂಬುದನ್ನು ನೋಡಬೇಕೆಂದು ನಮಗನಿಸಿದೆ. ಊರು ಬ್ರಾಡ್‌ಫರ್ಡ್. ತಂಡದ ಹೆಸರು ಫನ್-ಡ-ಮೆಂಟಲ್.

ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಎರಡನೆಯ ಮಹಾಯುದ್ಧದ ನಂತರ ರಾತ್ರಿ ಪಾಳಿಗೆ ಬಿಳಿಯ ಕಾರ್ಮಿಕರು ಸಿಗದಿದ್ದಾಗ ಗಿರಣಿ ಮಾಲೀಕರು ಉಪಖಂಡದಿಂದ ಬಂದವರನ್ನು ಸೇರಿಸಿಕೊಂಡರು. ಹಾಗೆ ಬಂದವರಲ್ಲಿ ಬಹುಪಾಲು ಮೀರ್‌ಪುರದವರು. 1960ರ ದಶಕದಲ್ಲಿ ಅಲ್ಲಿ ಕಟ್ಟಿದ ಮಂಗ್ಲಾ ಅಣೆಕಟ್ಟು ಹಳೆಯ ಮೀರ್‌ಪುರ ಪಟ್ಟಣವನ್ನೂ ಸುತ್ತಲಿನ ಹಳ್ಳಿಗಳನ್ನೂ ಮುಳುಗಿಸಿ ಒಂದು ಲಕ್ಷದಷ್ಟು ಜನರನ್ನು ಎಬ್ಬಿಸಿತ್ತು. ಹಿನ್ನೀರಿನಲ್ಲಿ ಊರು ಕಳೆದುಕೊಳ್ಳುವುದೆಂದರೇನೆಂದು ಶರಾವತಿ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ತಂದೆಯರು ತಲೆ ತಗ್ಗಿಸಿ ದುಡಿದರು. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ನಿರುದ್ಯೋಗ, ಬೀದಿಯಲ್ಲಿ ‘ಪಾಕಿ’ ಎಂಬ ಬೈಗುಳ, ಆಗಾಗ ಏಟು. 1981ರ ಜುಲೈಯಲ್ಲಿ ಜನಾಂಗೀಯ ದಾಳಿಕೋರರು ಬರುತ್ತಾರೆಂಬ ಸುದ್ದಿ ಹಬ್ಬಿ, ಪೆಟ್ರೋಲ್ ಬಾಂಬ್ ತಯಾರಿಸಿಟ್ಟ ಹನ್ನೆರಡು ಯುವಕರು ಬಂಧಿತರಾದರು. ನಮ್ಮವರನ್ನು ಕಾಪಾಡಿಕೊಳ್ಳಲು ಮಾಡಿದೆವು ಎಂದು ಅವರು ನ್ಯಾಯಾಲಯದಲ್ಲಿ ವಾದಿಸಿದರು. 1982ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಹನ್ನೆರಡು ಮಂದಿಯಲ್ಲಿ ಮುಸ್ಲಿಮರೂ ಹಿಂದೂಗಳೂ ಸಿಖ್ಖರೂ ಇದ್ದರು ಎಂಬುದನ್ನು ಗಮನಿಸಬೇಕು. ಆಗ ಅವರೆಲ್ಲ ತಮ್ಮನ್ನು ‘ಕಪ್ಪು’ ಜನರೆಂದೇ ಕರೆದುಕೊಳ್ಳುತ್ತಿದ್ದರು.

ಅದೇ ಊರಿನಲ್ಲಿ ಬೆಳೆದ ಹಕ್ ನವಾಜ್ ಖುರೇಷಿ, ಅಂದರೆ ಅಕಿ ನವಾಜ್, ಆ ದಿನಗಳಲ್ಲಿ ಸದರ್ನ್ ಡೆತ್ ಕಲ್ಟ್ ಎಂಬ ಪಂಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ. ಜೊತೆಗಾರರೆಲ್ಲ ಬಿಳಿಯರು. 1988ರಲ್ಲಿ ಲಂಡನ್ನಿನಲ್ಲಿ ಕ್ಯಾಥರೀನ್ ಕ್ಯಾನೊವಿಲ್ ಎಂಬವರೊಂದಿಗೆ ಸೇರಿ ನೇಷನ್ ರೆಕಾರ್ಡ್ಸ್ ಎಂಬ ಸಣ್ಣ ಧ್ವನಿಮುದ್ರಣ ಕಂಪನಿ ಕಟ್ಟಿದ. 1991ರ ಆಗಸ್ಟ್‌ನಲ್ಲಿ, ಕೆರಿಬಿಯನ್ ಮೂಲದವರ ದೊಡ್ಡ ಬೀದಿ ಹಬ್ಬವಾದ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ, ಫನ್-ಡ-ಮೆಂಟಲ್ ಮೊದಲ ಬಾರಿಗೆ ವೇದಿಕೆ ಹತ್ತಿತು. ಮುಸ್ಲಿಮರನ್ನು ಹೀಯಾಳಿಸಲು ಬಳಕೆಯಾಗುತ್ತಿದ್ದ ಪದವನ್ನೇ ಮೂರು ತುಂಡು ಮಾಡಿ ಹೆಸರಿಟ್ಟುಕೊಂಡ ತಂಡವಿದು. ಅಕಿ ತನಗಿಟ್ಟುಕೊಂಡ ಹೆಸರು ಪ್ರೊಪ-ಗಾಂಧಿ. ಮಾತಿನ ಈ ಚೇಷ್ಟೆ ಪೊಲೀಸರಿಗಿಂತ ಮೊದಲು ಪತ್ರಕರ್ತರನ್ನು ಗಲಿಬಿಲಿಗೊಳಿಸಿತು.

ಹಿಪ್ ಹಾಪ್ ಎಂದರೆ ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿದಂತೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬಡ ಕಪ್ಪು ಯುವಕರು, ವಾದ್ಯ ಕೊಳ್ಳಲು ಕಾಸಿಲ್ಲದೆ, ಮನೆಯಲ್ಲಿದ್ದ ಗ್ರಾಮಫೋನ್ ತಟ್ಟೆಗಳ ತುಣುಕುಗಳ ಮೇಲೆ ಪ್ರಾಸಬದ್ಧ ಮಾತು ಕಟ್ಟಿದರು. ಹರದೇಶಿ-ನಾಗೇಶಿ ಪದಗಳ ಸವಾಲು-ಜವಾಬು ಕೇಳಿದ ಕನ್ನಡಿಗರಿಗೆ ಇದೇನೂ ಹೊರಗಿನದೆನಿಸಬೇಕಿಲ್ಲ. ಫನ್-ಡ-ಮೆಂಟಲ್‌ನ ಕೌದಿಯಲ್ಲಿ ಮಾಲ್ಕಮ್ ಎಕ್ಸ್ ಭಾಷಣದ ತುಣುಕು, ಹಿಂದಿ ಸಿನಿಮಾದ ವಾದ್ಯವೃಂದ, ಢೋಲಕ್ ಎಲ್ಲವೂ ಇದ್ದವು. 1994ರಲ್ಲಿ ಬಂದ ಮೊದಲ ಆಲ್ಬಂಗೆ ‘ಸೀಝ್ ದಿ ಟೈಮ್’ ಎಂದು ಹೆಸರಿಟ್ಟರು. ಅದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ನಾಯಕ ಬಾಬಿ ಸೀಲ್ ಬರೆದ ಪುಸ್ತಕದ ಹೆಸರು. ಹಿಂದಿನ ವರ್ಷವಷ್ಟೇ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಲಂಡನ್ನಿನ ಬಸ್ ನಿಲ್ದಾಣದ ಬಳಿ ಬಿಳಿಯ ಯುವಕರು ಇರಿದು ಕೊಂದಿದ್ದರು. ಜನಾಂಗದ್ವೇಷದ ಬಿಎನ್‌ಪಿ ಪಕ್ಷ ತನ್ನ ಮೊದಲ ಕೌನ್ಸಿಲ್ ಸ್ಥಾನ ಗೆದ್ದಿತ್ತು. ಹಾಡಿನಲ್ಲಿ ಸಿಟ್ಟಿತ್ತೆಂದರೆ ಅದು ಆಕಾಶದಿಂದ ಇಳಿದದ್ದಲ್ಲ.

ಆದರೆ ಈ ತಂಡದ ನಿಜವಾದ ಚರಿತ್ರೆ ಇರುವುದು ಅದು ಯಾರ ಜೊತೆ ಕುಳಿತು ಹಾಡಿತು ಎಂಬುದರಲ್ಲಿ. ಮೊದಲ ಸದಸ್ಯರಲ್ಲಿ ಕೆಲವರು ಬಿಟ್ಟುಹೋದ ಮೇಲೆ ಅಕಿಗೆ ಜೊತೆಯಾದವನು ಕೆರಿಬಿಯನ್ ಮೂಲದ ಡೇವ್ ವಾಟ್ಸ್. ನೇಷನ್ ಕಂಪನಿ ಸಿಖ್ ಯುವಕರ ಹಸ್ಲರ್ಸ್ ಎಚ್‌ಸಿ ತಂಡದ ಹಾಡುಗಳನ್ನು ಹೊರತಂದಿತು. ಏಷ್ಯನ್ ಡಬ್ ಫೌಂಡೇಷನ್‌ನ ಮೊದಲ ಆಲ್ಬಂ 1995ರಲ್ಲಿ ಇಲ್ಲಿಂದಲೇ ಬಂತು. ಈ ತಂಡವೇ ಮುಂದೆ ಜೈಲಿನಲ್ಲಿದ್ದ ಸತ್ಪಾಲ್ ರಾಮ್‌ನ ಬಿಡುಗಡೆಗಾಗಿ ಹಾಡು ಕಟ್ಟಿತು.

ಕವ್ವಾಲಿಯೊಂದಿಗಿನ ನಂಟು ಇನ್ನೂ ಆಳದ್ದು. 1985ರಲ್ಲಿ ವೊಮ್ಯಾಡ್ ಸಂಗೀತೋತ್ಸವದಲ್ಲಿ ನುಸ್ರತ್ ಫತೇಹ್ ಅಲಿ ಖಾನ್ ಹಾಡಿದ ಮೇಲೆ ಬ್ರಿಟನ್ನಿನ ಬಿಳಿಯ ಕೇಳುಗರಿಗೆ ಕವ್ವಾಲಿಯ ಬಾಗಿಲು ತೆರೆಯಿತು. ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ ಅವರ ‘ಮಸ್ತ್ ಮಸ್ತ್’ಗೆ ಹೊಸ ತಾಳ ಹಾಕಿ ನೃತ್ಯಶಾಲೆಗಳಿಗೆ ಒಯ್ದಿತು. ನುಸ್ರತ್ 1997ರಲ್ಲಿ ತೀರಿಕೊಂಡರು. ಅವರ ಮನೆತನದ ರಿಜ್ವಾನ್ ಮತ್ತು ಮುಅಝ್ಝಮ್ ಸಹೋದರರ ಜೊತೆ ಫನ್-ಡ-ಮೆಂಟಲ್ ಹಾಡಿತು. ದಕ್ಷಿಣ ಆಫ್ರಿಕದ ಜುಲು ಗಾಯಕರೂ ಅವರ ಜೊತೆಗೂಡಿದರು. ಇದರಿಂದ ಮನೆಯೊಳಗಿನ ಎಲ್ಲರೂ ಸಂತೋಷಪಟ್ಟರೆಂದು ತಿಳಿಯಬೇಕಿಲ್ಲ. ಸಂಗೀತವೇ ಸಲ್ಲದೆನ್ನುವವರು ಬ್ರಾಡ್‌ಫರ್ಡ್‌ನಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ದರ್ಗಾದ ಅಂಗಳದಲ್ಲಿ ಎಂಟು ಶತಮಾನಗಳಿಂದ ಕವ್ವಾಲಿ ಹಾಡುತ್ತ ಬಂದವರೂ ಮುಸ್ಲಿಮರೇ ಎಂಬುದನ್ನು ನಾವು ಅವರಿಗೆ ವಿನಯದಿಂದಲೇ ನೆನಪಿಸುತ್ತೇವೆ.

ಹೀಗೆ ಬೇರೆ ಬೇರೆ ನಾಡಿನವರು ಕೂಡಿ ನುಡಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ತಂದಿತು. ಅದರಲ್ಲಿ ಆರ್.ಎ. ರಾಮಮಣಿಯವರ ಕಂಠವಿದೆ. ಜತಿಗಳನ್ನು ಬಾಯಲ್ಲೇ ನುಡಿಯುವ ನಮ್ಮ ಕೊನ್ನಕ್ಕೋಲ್ ಕೇಳಿದರೆ ರ‍್ಯಾಪ್ ಹಾಡುವವನೂ ಒಂದು ಗಳಿಗೆ ಬಾಯಿ ಮುಚ್ಚಿ ಕೂರುತ್ತಾನೆ. ಇಂಥ ಕೂಡಾಟವನ್ನು ಪಶ್ಚಿಮ ಪ್ರೀತಿಯಿಂದ ಕೇಳಿತು. ಅದರಲ್ಲಿ ಯಾರ ಮೇಲೂ ಆರೋಪವಿರಲಿಲ್ಲ. ಫನ್-ಡ-ಮೆಂಟಲ್‌ನದು ಕೂಡಾಟವೂ ಹೌದು, ಆರೋಪಪಟ್ಟಿಯೂ ಹೌದು.

ಬಿಕ್ಕಟ್ಟು ಬಂದದ್ದು 2006ರಲ್ಲಿ. ಹಿಂದಿನ ವರ್ಷದ ಜುಲೈ 7ರಂದು ಲಂಡನ್ನಿನ ರೈಲು, ಬಸ್ಸುಗಳಲ್ಲಿ ನಾಲ್ವರು ಆತ್ಮಹತ್ಯಾ ಬಾಂಬರ್‌ಗಳು 52 ಜನರನ್ನು ಕೊಂದಿದ್ದರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಭಯೋತ್ಪಾದನೆಯನ್ನು ವೈಭವೀಕರಿಸುವುದೂ ಅಪರಾಧವೆಂಬ ಹೊಸ ಕಾನೂನು 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆ ಬೇಸಿಗೆಯಲ್ಲೇ ‘ಆಲ್ ಈಸ್ ವಾರ್’ ಎಂಬ ಆಲ್ಬಂ ಸಿದ್ಧವಾಯಿತು. ಅದರ ‘ಕುಕ್‌ಬುಕ್ ಡಿಐವೈ’ ಹಾಡಿನಲ್ಲಿ ಒಬ್ಬ ಮನೆಯಲ್ಲೇ ಬಾಂಬ್ ಮಾಡುತ್ತಾನೆ ಎಂಬುದಷ್ಟೇ ದೊಡ್ಡ ಸುದ್ದಿಯಾಯಿತು. ಹಾಡಿನಲ್ಲಿ ಇರುವುದು ಮೂವರು. ಎರಡನೆಯವನು ವಿಕಿರಣದ ಬಾಂಬ್ ಮಾಡುವ ವಿಜ್ಞಾನಿ. ಮೂರನೆಯವನು ಸರ್ಕಾರದ ಸಂಬಳ ಪಡೆದು ನ್ಯೂಟ್ರಾನ್ ಬಾಂಬ್ ಮಾಡುವವನು. ಮೊದಲನೆಯವನಿಗೆ ಗಲ್ಲು, ಮೂರನೆಯವನಿಗೆ ಗೌರವವೇಕೆ ಎಂಬ ಪ್ರಶ್ನೆಗಾಗಿಯೇ ಹಾಡು ಹುಟ್ಟಿದೆ. ಮೂರನೆಯವನ ತನಕ ಕೇಳುವ ತಾಳ್ಮೆ ಅನೇಕರಿಗೆ ಇರಲಿಲ್ಲ.

ಹಾಗೆಂದು ಆ ಆಲ್ಬಂನ ಎಲ್ಲವನ್ನೂ ನಾವು ಸಮರ್ಥಿಸುವುದಿಲ್ಲ. ಚೆ ಗೆವಾರನ ಪಕ್ಕದಲ್ಲಿ ಬಿನ್ ಲಾದೆನ್‌ನ ಮಾತುಗಳನ್ನು ಇಟ್ಟದ್ದು ನಮಗೆ ಒಪ್ಪಿಗೆಯಾಗುವುದಿಲ್ಲ. ಕಚೇರಿಗೆ ಹೊರಟ ಅಮಾಯಕರನ್ನು ಕೊಲ್ಲಿಸಿದವನಿಗೆ ಬಂಡಾಯಗಾರನ ಅಂಗಿ ತೊಡಿಸುವುದರಿಂದ ಬಂಡಾಯಕ್ಕೇ ನಷ್ಟ. ಆದರೆ ತಪ್ಪು ಹಾಡಿಗೆ ವಿಮರ್ಶೆ ಉತ್ತರ, ಕೈಕೋಳವಲ್ಲ. ಕಂಪನಿಯಲ್ಲಿ ಪಾಲಿದ್ದವರು ಹಿಂಜರಿದಾಗ ಅಕಿ ಆಲ್ಬಂ ಅನ್ನು ತಾನೇ ಹೊರತಂದ. ಬಂಧಿಸಬೇಕೆಂಬ ಗದ್ದಲ ಎದ್ದರೂ ಮೊಕದ್ದಮೆ ಹೂಡಲಿಲ್ಲ. ಅಷ್ಟರಮಟ್ಟಿಗೆ ಅಲ್ಲಿನ ಕಾನೂನು ಪತ್ರಿಕೆಗಳಿಗಿಂತ ಸಾವಧಾನದಿಂದ ನಡೆದುಕೊಂಡಿತು.

ಆ ಆಲ್ಬಂನಲ್ಲಿ ಇನ್ನೊಂದು ಹಾಡಿದೆ. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಸಾಲಾಗಿ ನಿಲ್ಲಿಸಿ ಕೊಂದದ್ದನ್ನು ಕುರಿತ ಹಾಡು. ಅದನ್ನು ಹಾಡಿದವಳು ಬೋಸ್ನಿಯಾದ ಗಾಯಕಿ. ಅದರಲ್ಲಿ ಬಾಂಬ್ ಇಲ್ಲ, ಬೆದರಿಕೆ ಇಲ್ಲ, ಸತ್ತವರಿಗಾಗಿ ಅಳುವ ಒಂದು ಹೆಣ್ಣು ದನಿ ಇದೆ. ಆ ವರ್ಷದ ದೊಡ್ಡ ತಲೆಬರಹಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.